ನಮ್ಮ ಬೀದಿಯ ಮುಖ್ಯಮಂತ್ರಿ, ನಾರ್ವೆ ದೇಶದ ರಾಯಭಾರಿ

(ಬಳಗದ ಯುವ ಶಿಬಿರದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಇಪ್ಪತ್ತೈದು ವರ್ಷದಿಂದ ಬೇರೆಯವರ ಭಾಷಣ ಅಚ್ಚು ಹಾಕಿದ್ದೇನೆಯೇ ಹೊರತು ನಾನು ಮೈಕಿನ ಮುಂದೆ ನಿಂತವನಲ್ಲ. ಈ ಶಿಬಿರದ ಕರಪತ್ರವನ್ನೂ ನಾನೇ ಹಾಕಿದ್ದು. ಪ್ರೂಫ್ ತಿದ್ದುವಾಗ ಅದರಲ್ಲಿ ನನ್ನ ಹೆಸರು ಕಂಡು ಗಾಬರಿಯಾಯಿತು. ಅಚ್ಚಿನ ತಪ್ಪೇನೋ ಎಂದು ಫೋನ್ ಮಾಡಿ ಕೇಳಿದೆ. ತಪ್ಪಲ್ಲ, ನೀವೇ ಮಾತಾಡಬೇಕು ಅಂದರು.

ವಿಷಯ ಕೊಟ್ಟಿದ್ದು 'ಶಾಲಾ ಮಕ್ಕಳಿಗೆ ಆಡಳಿತದ ಪಾಠ'. ನನಗೆ ಈ ವಿಷಯದಲ್ಲಿ ಗೊತ್ತಿರುವುದು ಒಂದೇ ಕಡೆಯಿಂದ. ನಾನು ಶಾಲಾ ಚುನಾವಣೆಯ ಮತಪತ್ರ ಅಚ್ಚು ಹಾಕುತ್ತೇನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಪ್ರೆಸ್ಸಿನ ಎರಡು ರಸ್ತೆ ಆಚೆ ಒಂದು ಸರ್ಕಾರಿ ಶಾಲೆ ಇದೆ. ಕನ್ನಡ ಮಾಧ್ಯಮ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಅಲ್ಲಿನ ಮುಖ್ಯೋಪಾಧ್ಯಾಯಿನಿ ಒಂದು ಹಾಳೆ ಹಿಡಿದು ಬರುತ್ತಾರೆ. ಶಾಲಾ ಸಂಸತ್ತಿನ ಚುನಾವಣೆಗೆ ಅಭ್ಯರ್ಥಿಗಳ ಪಟ್ಟಿ. ಹೆಸರು, ತರಗತಿ, ಗುರುತು. ಕೊಡೆ, ಗಡಿಯಾರ, ಬಾಳೆಹಣ್ಣು, ಸೈಕಲ್ಲು. ಕಾಗದ ಕತ್ತರಿಸಿದ ಅಂಚು ಉಳಿದಿರುತ್ತದಲ್ಲ, ಅದರಲ್ಲೇ ಹಾಕಿಕೊಡುತ್ತೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಅದು ಉದಾರತನವಲ್ಲ, ಆ ಅಂಚು ರದ್ದಿಗೇ ಹೋಗುವಂಥದ್ದು.

ಕೆಲವು ವರ್ಷಗಳ ಹಿಂದೆ ಹೀಗೇ 300 ಮತಪತ್ರ ಹಾಕಿ ಕಟ್ಟು ಕಟ್ಟಿಟ್ಟಿದ್ದೆ. ಸಂಜೆ ಒಬ್ಬಳು ಹುಡುಗಿ ಬಂದಳು. ಒಂಬತ್ತನೇ ತರಗತಿ. ಕಟ್ಟು ಬಿಚ್ಚಿ ಒಂದು ಹಾಳೆ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಂಕಲ್, ಕ್ರಮಸಂಖ್ಯೆ ಎಲ್ಲಿ?" ಅಂದಳು. ಶಾಲೆ ಚುನಾವಣೆಗೆ ಯಾಕಮ್ಮ ಕ್ರಮಸಂಖ್ಯೆ ಅಂದೆ. "ಹೋದ ವರ್ಷ 270 ಜನ ವೋಟು ಹಾಕಿದ್ದು, ಪೆಟ್ಟಿಗೆಯಲ್ಲಿ 281 ಬಂತು. ಯಾರೋ ಜೆರಾಕ್ಸ್ ಮಾಡಿ ಹಾಕಿದರು. ಸರ್ ಹೋಗಲಿ ಬಿಡಿ ಅಂದುಬಿಟ್ಟರು. ನಾನು ನಾಲ್ಕು ವೋಟಲ್ಲಿ ಸೋತೆ."

ನನಗೆ ಮಾತೇ ಹೊರಡಲಿಲ್ಲ. ನಮ್ಮಪ್ಪ ಟ್ರೆಡಲ್ ಮೆಷಿನ್ನಿನ ಕಾಲದಲ್ಲಿ ಸಹಕಾರ ಸಂಘಗಳ ಚುನಾವಣೆಗೆ ಮತಪತ್ರ ಹಾಕುತ್ತಿದ್ದರು. ನಂಬರಿಂಗ್ ಬ್ಲಾಕು ಇಟ್ಟು, ಅರ್ಧಪ್ರತಿ ಬಿಟ್ಟು, ರಂಧ್ರದ ಗೆರೆ ಹೊಡೆದು, ಕೆಟ್ಟ ಹಾಳೆಗಳನ್ನು ಎಣಿಸಿ ಎಲ್ಲರ ಮುಂದೆ ಸುಟ್ಟು ಹಾಕುತ್ತಿದ್ದರು. ಅವರ ಮಗನಾದ ನಾನು 'ಮಕ್ಕಳಾಟ' ಅಂದುಕೊಂಡು ನಂಬರೇ ಹಾಕಿರಲಿಲ್ಲ. ಆ ರಾತ್ರಿ ಮದುವೆ ಪತ್ರಿಕೆಯ ಕೆಲಸ ಪಕ್ಕಕ್ಕಿಟ್ಟು 300ನ್ನೂ ಮತ್ತೆ ಹಾಕಿದೆ. 001ರಿಂದ 300. ಆಕೆ ಆ ವರ್ಷ ಗೆದ್ದಳು. ಮುಖ್ಯಮಂತ್ರಿ ಆಗಲಿಲ್ಲ, ನೀರು ಮತ್ತು ನೈರ್ಮಲ್ಯದ ಮಂತ್ರಿ ಆದಳು. ಖಾತೆ ಯಾವುದು ಬೇಕೆಂದು ಕೇಳಿದಾಗ ತಾನೇ ಅದನ್ನು ಕೇಳಿ ಪಡೆದಳಂತೆ.

ಯಾಕೆ ಗೊತ್ತೇ? ಆ ಶಾಲೆಯ ಮೋಟರು ಕೆಟ್ಟು ನಾಲ್ಕು ತಿಂಗಳಾಗಿತ್ತು. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟ ಹುಡುಗಿಯರು ಸಂಜೆವರೆಗೆ ನೀರು ಕುಡಿಯದೆ ಇರುತ್ತಿದ್ದರು. ಗೆಳೆಯರೇ, ಇದು ರಾಜಧಾನಿ ಬೆಂಗಳೂರಿನ ಮಾತು, ಯಾವುದೋ ಕಾಡಿನದಲ್ಲ!

ಆಕೆ ಏನು ಮಾಡಿದಳು? ಶಾಲಾ ಸಂಸತ್ತಿನ ಮೊದಲ ಸಭೆಯಲ್ಲಿ ಪ್ರಶ್ನೋತ್ತರ ಇಡಿಸಿದಳು. ಪ್ರಶ್ನೆ ಕೇಳಿದ್ದು ಏಳನೇ ತರಗತಿಯ ಹುಡುಗ. ಉತ್ತರ ಕೊಡಬೇಕಾದ ಮಂತ್ರಿ ಈಕೆಯೇ. ಎದ್ದು ನಿಂತು, "ನನಗೆ ಮಾಹಿತಿ ಇಲ್ಲ. ಮುಖ್ಯ ಗುರುಗಳು ಮಾಹಿತಿ ಕೊಟ್ಟರೆ ಸದನಕ್ಕೆ ಉತ್ತರಿಸುತ್ತೇನೆ" ಅಂದಳು. ಹೆಡ್ ಮೇಡಂ ಅಲ್ಲೇ ಕೂತಿದ್ದರು. ಪುಣ್ಯಾತ್ಮೆ, ಸಿಟ್ಟಾಗಲಿಲ್ಲ. ತಾವು ಬರೆದ ಎರಡು ಪತ್ರಗಳ ನಕಲು ತಂದು ಓದಿದರು. ಆಮೇಲೆ ಮಕ್ಕಳ ಸಂಪುಟವೇ ಒಂದು ಮನವಿ ಬರೆಯಿತು, ಅಚ್ಚಕನ್ನಡದಲ್ಲಿ. ನಾನು ಅಚ್ಚು ಹಾಕಿಕೊಟ್ಟೆ, 212 ಮಕ್ಕಳು ಸಹಿ ಹಾಕಿದರು. ಐದು ವಾರಕ್ಕೆ ಮೋಟರು ರಿಪೇರಿಯಾಯಿತು. ಎರಡನೇ ಶೌಚಾಲಯದ ಬಾಗಿಲು ಮಾತ್ರ ಆಕೆ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವವರೆಗೂ ಹಾಗೇ ಮುರಿದಿತ್ತು. ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಈಗ ನನ್ನ ಮನೆಯ ಕಥೆ ಕೇಳಿ. ನೀವು ನಗುತ್ತೀರಿ, ನಗಿ.

ನನ್ನ ಮಗಳು ಓದುವುದು ಇಂಗ್ಲಿಷ್ ಶಾಲೆಯಲ್ಲಿ. ಹೌದು, ಕನ್ನಡ ಪತ್ರಿಕೆ ಅಚ್ಚು ಹಾಕುವವನ ಮಗಳೇ! ಅದಕ್ಕೆ ನಾನು ಕಾರಣ ಹೇಳುವುದಿಲ್ಲ, ಹೇಳಿದರೆ ಅದು ಸಬೂಬು ಆಗುತ್ತದೆ. ಒಂದು ದಿನ ಬಂದು ಬ್ಲೇಜರ್ ಬೇಕು ಅಂದಳು. ಮಾದರಿ ವಿಶ್ವಸಂಸ್ಥೆಯಂತೆ. ಅವಳು ನಾರ್ವೆ ದೇಶದ ಪ್ರತಿನಿಧಿ. ಶುಲ್ಕ ಕಟ್ಟಿದೆ, ಬ್ಲೇಜರ್ ಹೊಲಿಸಿದೆ. ಎರಡು ವಾರ ಮನೆಯಲ್ಲಿ ನಾರ್ವೆಯದೇ ಜಪ. ಆ ದೇಶದ ಮೀನುಗಾರಿಕೆ, ಎಣ್ಣೆ, ಸಂಸತ್ತು, ಎಲ್ಲಾ ಬಾಯಿಪಾಠ.

ಊಟಕ್ಕೆ ಕೂತಾಗ ಕೇಳಿದೆ, "ನಮ್ಮದು ಯಾವ ವಿಧಾನಸಭಾ ಕ್ಷೇತ್ರ ಮಗಳೇ?" ಗೊತ್ತಿಲ್ಲ. "ನಮ್ಮ ವಾರ್ಡು?" ಗೊತ್ತಿಲ್ಲ. "ಪಾಯಿಂಟ್ ಆಫ್ ಆರ್ಡರ್ ಅಂತ ಕೂಗುತ್ತೀಯಲ್ಲ, ನಮ್ಮ ವಿಧಾನಸಭೆಯಲ್ಲಿ ಅದಕ್ಕೆ ಏನಂತಾರೆ?" ಅಲ್ಲೂ ಇಂಗ್ಲಿಷಲ್ಲೇ ಅನ್ನುವುದಿಲ್ಲವಾ ಅಪ್ಪಾ ಅಂದಳು.

ಅವಳನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ಅವಳು ಕಲಿತದ್ದು ಕಡಿಮೆಯೇನಲ್ಲ. ಎದುರಾಳಿ ಮಾತಾಡುವಾಗ ಸುಮ್ಮನಿರುವುದು, ನಿರ್ಣಯದ ಕರಡು ಬರೆಯುವುದು, ಇನ್ನೊಬ್ಬರನ್ನು ಒಪ್ಪಿಸುವುದು, ಇವೆಲ್ಲ ಒಳ್ಳೆಯ ವಿದ್ಯೆ. ನಮ್ಮ ಕೆಲವು ಶಾಸಕರಿಗೂ ಇದನ್ನು ಕಲಿಸಬೇಕು. ನನ್ನ ಪ್ರಶ್ನೆ ಒಂದೇ. ನಾರ್ವೆಯ ರಾಯಭಾರಿ ಆಗುವ ಮೊದಲು ನಮ್ಮ ಬೀದಿಯ ನಾಗರಿಕಳಾಗುವುದು ಬೇಡವೇ?

ಈ ಮಾದರಿ ಸರ್ಕಾರದ ಆಟ ಎಲ್ಲಿಂದ ಬಂತು ಅಂತ ಸ್ವಲ್ಪ ಹುಡುಕಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1936ರಲ್ಲಿ ವೈ.ಎಂ.ಸಿ.ಎ. ಸಂಸ್ಥೆಯವರು ಶಾಲಾ ಹುಡುಗರನ್ನು ರಾಜಧಾನಿ ಆಲ್ಬನಿಗೆ ಕರೆದುಕೊಂಡು ಹೋಗಿ ಮಾದರಿ ಶಾಸನಸಭೆ ನಡೆಸಿದರು. ಅದರ ಹಿಂದಿನ ವರ್ಷ, 1935ರಲ್ಲಿ, ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಮಾಜಿ ಸೈನಿಕರ ಸಂಘ 'ಬಾಯ್ಸ್ ಸ್ಟೇಟ್' ಅಂತ ಶುರು ಮಾಡಿತ್ತು. ವೈ.ಎಂ.ಸಿ.ಎ. ಮಾಡಿದ್ದು ಆಮೇಲೆ ಬೇರೆ ರಾಜ್ಯಗಳಿಗೆ ಹಬ್ಬಿ, ಪ್ರೌಢಶಾಲೆಯ ಮಕ್ಕಳ ಜೊತೆಗೆ ಮಾಧ್ಯಮಿಕ ಶಾಲೆಯ ಮಕ್ಕಳೂ ಸೇರಿಕೊಂಡರು. ಅಲ್ಲಿ ಮಕ್ಕಳು ತಮ್ಮ ರಾಜ್ಯದ ಬಗ್ಗೆ ಮಸೂದೆ ಬರೆಯುತ್ತಾರೆ. ಸಮಿತಿಯಲ್ಲಿ ಚರ್ಚೆಯಾಗಿ ಸದನಕ್ಕೆ ಬರುತ್ತದೆ. ರಾಜ್ಯಪಾಲ, ಸಭಾಧ್ಯಕ್ಷ, ಪತ್ರಕರ್ತ, ಎಲ್ಲರೂ ಮಕ್ಕಳೇ. ಕೂರುವುದು ನಿಜವಾದ ಶಾಸನಸಭೆಯ ಕುರ್ಚಿಗಳಲ್ಲಿ!

ಇದನ್ನು ಗಮನಿಸಿ. ಆ ದೇಶದ ಮಗು ಮೊದಲು ಕಲಿಯುವುದು ತನ್ನ ರಾಜ್ಯದ ಸರ್ಕಾರವನ್ನು, ತನ್ನ ಮನೆಮಾತಿನಲ್ಲಿ. ನಾವು ಅವರಿಂದ ಆಟ ತಂದೆವು, ಆಟದ ಗುಟ್ಟು ಬಿಟ್ಟು ಬಂದೆವು.

ನಮ್ಮಲ್ಲೇನು ಇರಲಿಲ್ಲವೇ? ಇತ್ತು. 1962ರಲ್ಲಿ ಬೊಂಬಾಯಿಯಲ್ಲಿ ಅಖಿಲ ಭಾರತ ಸಚೇತಕರ ಸಮ್ಮೇಳನ ನಡೆದಾಗ ಶಾಲೆಗಳಲ್ಲಿ ಅಣಕು ಸಂಸತ್ತು ನಡೆಸಬೇಕು ಅಂತ ಶಿಫಾರಸು ಆಯಿತು. 1966ರಲ್ಲಿ ಕೇಂದ್ರದ ಸಂಸದೀಯ ವ್ಯವಹಾರಗಳ ಇಲಾಖೆ ದೆಹಲಿಯ ಶಾಲೆಗಳಲ್ಲಿ ಯುವ ಸಂಸತ್ತು ಶುರು ಮಾಡಿತು. 1988ರಲ್ಲಿ ಕೇಂದ್ರೀಯ ವಿದ್ಯಾಲಯಗಳಿಗೆ, 1990ರ ದಶಕದ ಕೊನೆಗೆ ನವೋದಯ ಶಾಲೆಗಳಿಗೆ ಬಂತು. ನಮ್ಮ ರಾಜ್ಯದಲ್ಲೂ ಪ್ರೌಢಶಾಲೆ, ಪಿ.ಯು. ಮಕ್ಕಳಿಗೆ ಯುವ ಸಂಸತ್ ಸ್ಪರ್ಧೆಗಳು ನಡೆಯುತ್ತವೆ. ಪ್ರಮಾಣವಚನದಿಂದ ಹಿಡಿದು ಸಂತಾಪ ಸೂಚನೆ, ಪ್ರಶ್ನೋತ್ತರ, ಗಮನ ಸೆಳೆಯುವ ಸೂಚನೆ, ಮಸೂದೆ, ಮತದಾನ, ಇಡೀ ಅಧಿವೇಶನವನ್ನು ಒಂದು ಗಂಟೆಯೊಳಗೆ ಕಟ್ಟಿಕೊಡಬೇಕು. ಇನ್ನೂ ಹಿಂದಕ್ಕೆ ಹೋದರೆ, 1881ರ ದಸರೆಯಲ್ಲೇ ನಮ್ಮ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ದೊರೆಯ ಎದುರು ಪ್ರಜೆ ನಿಂತು ಅಹವಾಲು ಹೇಳುವ ಅಭ್ಯಾಸ ನಮಗೆ ನಿನ್ನೆ ಮೊನ್ನೆಯದಲ್ಲ.

ಒಂದು ಸಂಸ್ಥೆ ನಮ್ಮ ಕಡೆ ಅಂತರಶಾಲಾ ಯುವ ಸಂಸತ್ ಸ್ಪರ್ಧೆ ಇಟ್ಟಿತ್ತು. ಹೆಸರು ಹೇಳುವುದಿಲ್ಲ. ಆ ಸರ್ಕಾರಿ ಶಾಲೆಯ ಮಕ್ಕಳೂ ಹೋದರು, ಆ ನೀರಿನ ಮಂತ್ರಿಯೂ ಇದ್ದಳು. ಇವರು ತೆಗೆದುಕೊಂಡ ವಿಷಯ ಸರ್ಕಾರಿ ಶಾಲೆಗಳ ನೀರು. ನಾನು ಸಭಿಕರಲ್ಲಿ ಕೂತಿದ್ದೆ. ವಿರೋಧ ಪಕ್ಷದ ಒಬ್ಬ ಚಿಕ್ಕ ಹುಡುಗ ಪೂರಕ ಪ್ರಶ್ನೆ ಕೇಳಿ ಮಂತ್ರಿಯನ್ನು ಮೂರು ಸಲ ಎಬ್ಬಿಸಿದ. ಬರೆದುಕೊಟ್ಟ ಮಾತಲ್ಲ ಅದು, ಅಲ್ಲೇ ಹುಟ್ಟಿದ್ದು. ಇನ್ನೊಂದು ಶಾಲೆ ಇಂಗ್ಲಿಷಿನಲ್ಲಿ ಮಾಡಿತು. ಚೆನ್ನಾಗಿ ಕಂಠಪಾಠ ಮಾಡಿದ್ದರು, ಕೋಟು ಟೈ ಬೇರೆ. ಬಹುಮಾನ ಅವರಿಗೇ ಹೋಯಿತು. ತೀರ್ಪುಗಾರರಲ್ಲಿ ಒಬ್ಬರು ನಮ್ಮ ಮಕ್ಕಳಿಗೆ ಹೇಳಿದ್ದು, "ವಿಷಯ ಚೆನ್ನಾಗಿದೆ, ಆದರೆ ಭಾಷೆಯಲ್ಲಿ ಪಾಲಿಶ್ ಸಾಲದು."

ಗೆಳೆಯರೇ, ಆ ಅಂಕಪಟ್ಟಿ ಅಚ್ಚು ಹಾಕಿದ್ದು ನಾನು! ಕೇಂದ್ರ ಸಚಿವಾಲಯದ ಮಾದರಿಯಂತೇ ಇತ್ತು ಅದು. ಶಿಸ್ತು, ಸಭಾಮರ್ಯಾದೆಗೆ 10. ಸಂಸದೀಯ ನಡಾವಳಿಗೆ 20. ಪ್ರಶ್ನೆ ಮತ್ತು ಉತ್ತರಕ್ಕೆ 20. ಚರ್ಚೆಯ ವಿಷಯದ ಆಯ್ಕೆಗೆ 10. ಚರ್ಚೆಯ ಗುಣಕ್ಕೆ 30. ಒಟ್ಟಾರೆ ಅಭಿಪ್ರಾಯಕ್ಕೆ 10. ಕೂಡಿಸಿ ನೋಡಿ, 100. ಇದರಲ್ಲಿ ಇಂಗ್ಲಿಷಿನ ಪಾಲಿಶ್‌ಗೆ ಎಷ್ಟು ಅಂಕ? ಸೊನ್ನೆ! ಆ ಕಾಲಮ್ಮು ಕಾಗದದ ಮೇಲೆ ಇರಲಿಲ್ಲ, ತೀರ್ಪುಗಾರರ ತಲೆಯೊಳಗಿತ್ತು.

ಆ ಹುಡುಗಿ ಅಳಲಿಲ್ಲ. ಬಸ್‌ಸ್ಟಾಪಿನಲ್ಲಿ ಸಿಕ್ಕಾಗ, "ಅಂಕಲ್, ಕನ್ನಡದಲ್ಲಿ ಮಾತಾಡಿದರೆ ಸಂಸತ್ತು ಆಗಲ್ಲವಾ?" ಅಂತ ಕೇಳಿದಳು ಅಷ್ಟೆ.

ಅವಳಿಗೆ ಅಂದು ಹೇಳಲು ಹೊಳೆಯದ ಉತ್ತರ ಇವತ್ತು ನಿಮಗೆ ಹೇಳುತ್ತೇನೆ. 1967ರಲ್ಲಿ ಶಿವಮೊಗ್ಗದಿಂದ ಆರಿಸಿಹೋದ ಜೆ.ಎಚ್. ಪಟೇಲರು ದೆಹಲಿಯ ಲೋಕಸಭೆಯಲ್ಲೇ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಸಭಾಧ್ಯಕ್ಷರಾಗಿದ್ದ ನೀಲಂ ಸಂಜೀವ ರೆಡ್ಡಿಯವರು ಅವಕಾಶ ಕೊಟ್ಟರು. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಿಕೊಳ್ಳಲಾಗದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತಾಡಲು ಸಭಾಧ್ಯಕ್ಷರು ಬಿಡಬಹುದು ಅಂತ ಸಂವಿಧಾನದ 120ನೇ ವಿಧಿಯಲ್ಲೇ ಇದೆ. ರಾಜ್ಯದ ಶಾಸನಸಭೆಗೆ 210ನೇ ವಿಧಿ ಇದೆ, ಅದರಲ್ಲಿ ರಾಜ್ಯದ ಆಡಳಿತ ಭಾಷೆಗೇ ಜಾಗ ಇದೆ. ಕನ್ನಡ ಆಡಳಿತ ಭಾಷೆ ಎನ್ನುವ ಕಾನೂನು ಆಗಿದ್ದು 1963ರಲ್ಲಿ. ಶಾಂತವೇರಿ ಗೋಪಾಲಗೌಡರು 1952ರಲ್ಲೇ ಮಲೆನಾಡಿನಿಂದ ವಿಧಾನಸಭೆಗೆ ಬಂದು ಕನ್ನಡದಲ್ಲಿ ಗುಡುಗಿದವರು. ಇವರ್‍ಯಾರ ಮಾತಿಗೂ ಪಾಲಿಶ್ ಬೇಕಾಗಲಿಲ್ಲ.

ಇನ್ನು ಪದಗಳ ವಿಚಾರ. ನನಗೆ ಪದ ಅಂದರೆ ಪ್ರೀತಿ, ಅಚ್ಚುಮೊಳೆ ಜೋಡಿಸುವವರ ಮನೆಯಲ್ಲಿ ಹುಟ್ಟಿದವನಲ್ಲವೇ? ಕನ್ನಡದಲ್ಲಿ ಆಡಳಿತಕ್ಕೆ ಪದ ಇಲ್ಲ ಅನ್ನುವವರು ಒಂದು ದಿನ ವಿಧಾನಸಭೆಯ ಕಲಾಪ ನೋಡಲಿ. ಪಾಯಿಂಟ್ ಆಫ್ ಆರ್ಡರ್ ಅಂದರೆ ಕ್ರಿಯಾಲೋಪ. ನಿಯಮ ತಪ್ಪುತ್ತಿದೆ ಎನ್ನುವ ಅರ್ಥ ಪದದೊಳಗೇ ಇದೆ ನೋಡಿ. ನಿಲುವಳಿ ಸೂಚನೆ, ಅಂದರೆ ಬೇರೆ ಕಲಾಪ ನಿಲ್ಲಿಸಿ ಇದನ್ನು ಚರ್ಚಿಸಿ ಅಂತ. ಚುಕ್ಕೆ ಗುರುತಿನ ಪ್ರಶ್ನೆ, ಶೂನ್ಯ ವೇಳೆ, ಹಕ್ಕುಚ್ಯುತಿ, ಧ್ವನಿಮತ, ಸಭಾತ್ಯಾಗ, ಅವಿಶ್ವಾಸ ನಿರ್ಣಯ. ಹಳ್ಳಿಯಿಂದ ಬಂದ ಶಾಸಕನ ಬಾಯಲ್ಲೂ ಇವು ಸಲೀಸಾಗಿ ಬರುತ್ತವೆ. ಬರದಿರುವುದು ನನ್ನ ಮಗಳ ಬಾಯಲ್ಲಿ. ಯಾರೂ ಅವಳಿಗೆ ಕಲಿಸಲಿಲ್ಲ, ಅಪ್ಪನೂ ಸೇರಿದಂತೆ.

ನಮ್ಮ ಶಾಲಾ ಮಂತ್ರಿಮಂಡಲಗಳ ಹುಳುಕನ್ನೂ ಹೇಳಿಬಿಡುತ್ತೇನೆ, ಕನ್ನಡ ಶಾಲೆ ಅಂತ ಮುಚ್ಚಿಡಬಾರದು. ಬಹಳ ಕಡೆ ಅದು ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಪಟ್ಟಿ ಅಷ್ಟೆ. ಮೊದಲ ರ್‍ಯಾಂಕಿನ ಹುಡುಗ ಮುಖ್ಯಮಂತ್ರಿ. ಹಾಡು ಬರುವ ಹುಡುಗಿ ಸಾಂಸ್ಕೃತಿಕ ಮಂತ್ರಿ, ಪ್ರಾರ್ಥನೆ ಹೇಳಲಿಕ್ಕೆ. ಸ್ವಚ್ಛತಾ ಮಂತ್ರಿಯ ಕೈಗೆ ಪೊರಕೆ! ಮಂತ್ರಿ ಅಂದರೆ ಮಾನಿಟರ್, ಮಾನಿಟರ್ ಅಂದರೆ ಮೇಷ್ಟ್ರ ಚೀಲ ಹೊರುವವನು. ಎಲ್ಲಕ್ಕಿಂತ ದೊಡ್ಡ ಕೊರತೆ, ವಿರೋಧ ಪಕ್ಷವೇ ಇಲ್ಲ. ಸೋತವನು ಬೆಂಚಿಗೆ ವಾಪಸು ಹೋಗಿ ಸುಮ್ಮನೆ ಕೂರುತ್ತಾನೆ. ಸೋತವರಲ್ಲಿ ಹೆಚ್ಚು ಮತ ಪಡೆದ ಮಗುವನ್ನು ವಿರೋಧ ಪಕ್ಷದ ನಾಯಕ ಮಾಡಿ, ತಿಂಗಳಿಗೊಂದು ಪ್ರಶ್ನೋತ್ತರ ಇಡಿ. ಖರ್ಚೇನೂ ಇಲ್ಲ. ಮುಖ್ಯೋಪಾಧ್ಯಾಯರಿಗೆ ಸ್ವಲ್ಪ ಧೈರ್ಯ ಬೇಕು, ಅಷ್ಟೆ.

ಹಳ್ಳಿಗಳು ಈ ವಿಷಯದಲ್ಲಿ ನಮಗಿಂತ ಮುಂದಿವೆ. 1990ರ ದಶಕದಲ್ಲೇ ಕುಂದಾಪುರದ ಕಡೆ ಮಕ್ಕಳ ಪಂಚಾಯತಿಗಳು ನಡೆದವು. ಶಾಲೆಗೆ ಹೋಗುವ ಮಕ್ಕಳು ಮಾತ್ರವಲ್ಲ, ದುಡಿಯುವ ಮಕ್ಕಳೂ ಅದರಲ್ಲಿದ್ದರು. ಆಮೇಲೆ ನಮ್ಮ ಸರ್ಕಾರವೇ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಹೇಳಿತು. ಅಲ್ಲಿ ಮಗು ಎದ್ದು ನಿಂತು ಹಳ್ಳಕ್ಕೆ ಕಾಲುಸಂಕ ಯಾವಾಗ, ಬಸ್ಸು ಯಾಕಿಲ್ಲ, ಶಾಲೆ ಪಕ್ಕದ ಸಾರಾಯಿ ಅಂಗಡಿ ಯಾವಾಗ ಎತ್ತುತ್ತೀರಿ ಅಂತ ಅಧ್ಯಕ್ಷರನ್ನು, ಪಿ.ಡಿ.ಒ.ಗಳನ್ನು ಕೇಳಬಹುದು. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅನ್ನುವುದಿಲ್ಲ. ಫೋಟೋ ತೆಗೆಸಿ ಬಿಸ್ಕತ್ತು ಕೊಟ್ಟು ಕಳಿಸುವವರೂ ಇದ್ದಾರೆ. ಆದರೂ ಕೇಳುವ ಜಾಗ ಅಂತ ಒಂದಿದೆ.

ಬೆಂಗಳೂರಿನ ಮಗುವಿಗೆ ಅಂಥ ಜಾಗ ಯಾವುದು? ಮಗುವಿನ ಮಾತು ಬಿಡಿ, ದೊಡ್ಡವರಿಗೇ ಯಾವುದಿತ್ತು? 2015ರಲ್ಲಿ 198 ವಾರ್ಡುಗಳಿಗೆ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರ್‌ನಲ್ಲಿ ಆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಈ ಮಹಾನಗರಕ್ಕೆ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ! 2021ರಲ್ಲಿ 18 ತುಂಬಿದ ನಿಮ್ಮಲ್ಲಿ ಕೆಲವರು ವಿಧಾನಸಭೆಗೆ, ಲೋಕಸಭೆಗೆ ವೋಟು ಹಾಕಿದಿರಿ. ನಿಮ್ಮ ಬೀದಿಯ ಕಸಕ್ಕೆ, ಚರಂಡಿಗೆ ಹೊಣೆಯಾಗುವವನನ್ನು ಆರಿಸುವ ಭಾಗ್ಯ 20 ದಾಟಿದ ಮೇಲೂ ಬರಲಿಲ್ಲ. ಅದೇ ಹೊತ್ತಿಗೆ ನಮ್ಮ ಪಕ್ಕದ ಸರ್ಕಾರಿ ಶಾಲೆಯಲ್ಲಿ ಕೊರೋನಾ ಕಾಲ ಒಂದು ಬಿಟ್ಟು ಪ್ರತಿ ಜೂನ್‌ನಲ್ಲೂ ಚುನಾವಣೆ ತಪ್ಪಲಿಲ್ಲ. ನಾನು ಸಾಕ್ಷಿ, ಬಿಲ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮೊತ್ತದ ಜಾಗದಲ್ಲಿ ಸೊನ್ನೆ ಹಾಕಿ.

ನನ್ನ ಒಂದು ಆಸೆ ಇದೆ, ನೀವು ಹುಚ್ಚು ಅನ್ನಬಹುದು. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಇದೆ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದ್ದು. ಗಡಿಯಲ್ಲಿ ಕನ್ನಡದ ಹಕ್ಕಿನ ಗುರುತಾಗಿ ನಿಲ್ಲಿಸಿದ ಕಟ್ಟಡ ಅದು. ಅಧಿವೇಶನ ನಡೆಯುವುದು ಚಳಿಗಾಲದ ಕೆಲವು ದಿನ ಮಾತ್ರ. ಉಳಿದ ತಿಂಗಳೆಲ್ಲ ಆ ಸಭಾಂಗಣದ ಕುರ್ಚಿಗಳು ಖಾಲಿ. ವಿಧಾನಸಭೆಗೆ 224 ಕ್ಷೇತ್ರ. ಕ್ಷೇತ್ರಕ್ಕೊಂದು ಮಗು ಅಂತ ಶಾಲೆಗಳಿಂದಲೇ ಆರಿಸಿ, ವರ್ಷಕ್ಕೆ ಮೂರು ದಿನ ಆ ಕುರ್ಚಿಗಳಲ್ಲಿ ಕೂರಿಸಲಿ. ಬೀದರಿನ ಮಗು, ಚಾಮರಾಜನಗರದ ಮಗು, ಕೋಲಾರದ್ದು, ಕಾರವಾರದ್ದು, ತಮ್ಮ ತಮ್ಮ ಕನ್ನಡದಲ್ಲಿ ಮಾತಾಡಲಿ. ತುಳುವಿನ, ಕೊಡವದ, ಉರ್ದುವಿನ ಮನೆಯ ಮಗುವೂ ಬರಲಿ. ರಾಜಸ್ಥಾನದ ವಿಧಾನಸಭೆಯಲ್ಲಿ 2021ರ ನವೆಂಬರ್ 14ರಂದು ಮಕ್ಕಳ ಅಧಿವೇಶನ ನಡೆಯಿತು, ಮಕ್ಕಳೇ ಮುಖ್ಯಮಂತ್ರಿ, ಮಕ್ಕಳೇ ಸಭಾಧ್ಯಕ್ಷ. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು? ಇದನ್ನು ಮನವಿಯಾಗಿ ಬರೆದು ಬಳಗದವರಿಗೆ ಕೊಟ್ಟಿದ್ದೇನೆ. ಹೊರಗೆ ಮೇಜಿನ ಮೇಲಿದೆ. ಓದಿ, ಒಪ್ಪಿಗೆಯಾದರೆ ಸಹಿ ಹಾಕಿ. ಒಪ್ಪಿಗೆಯಾಗದಿದ್ದರೆ ಯಾಕೆ ಅಂತ ಬರೆದು ಹೋಗಿ, ಅದನ್ನೂ ಓದುತ್ತೇನೆ.

ನಿಮ್ಮಿಂದ ಆಗುವ ಕೆಲಸ ಇನ್ನೊಂದಿದೆ. ನವೆಂಬರಿನಲ್ಲಿ ಬಾವುಟ ಕಟ್ಟಲು ಬರುವ ನೀವು ಜೂನಿನಲ್ಲೂ ಬನ್ನಿ. ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ಹೋಗಿ, ಚುನಾವಣಾಧಿಕಾರಿಯಾಗಿ ನಿಲ್ಲುತ್ತೇವೆ ಅಂತ ಕೇಳಿ. ಮತಗಟ್ಟೆ ಕಟ್ಟಿ, ಏಜೆಂಟರನ್ನು ಕೂರಿಸಿ, ಎಲ್ಲರೆದುರು ಎಣಿಸಿ. ಬೆರಳಿಗೆ ಹಾಕುವ ಶಾಯಿ ನಮ್ಮ ಮೈಸೂರಿನದೇ ಅಂತ ಮಕ್ಕಳಿಗೆ ಹೇಳಿ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಹುಟ್ಟಿದ ಬಣ್ಣ ಮತ್ತು ಅರಗಿನ ಕಾರ್ಖಾನೆ ಅದು, 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆಲ್ಲ ಅದರದೇ ಗುರುತು. ಶಾಲೆಗೆ ಆ ಶಾಯಿ ಸಿಗುವುದಿಲ್ಲ, ಸ್ಕೆಚ್ ಪೆನ್ನೇ ಗತಿ. ಪರವಾಗಿಲ್ಲ.

ಆ ನೀರಿನ ಮಂತ್ರಿ ಈಗ ಪದವಿ ಓದುತ್ತಿದ್ದಾಳೆ. ಕಳೆದ ಜೂನ್‌ನಲ್ಲಿ ಅದೇ ಶಾಲೆಗೆ ಚುನಾವಣಾಧಿಕಾರಿಯಾಗಿ ಬಂದಿದ್ದಳು. ನನ್ನ ಮಗಳೂ ಅವಳ ಜೊತೆ ಹೋಗಿ ಎಣಿಕೆ ಮೇಜಿನಲ್ಲಿ ಕೂತಿದ್ದಳು. ಸಂಜೆ ಮನೆಗೆ ಬಂದವಳೇ, "ಅಪ್ಪಾ, ಒಬ್ಬ ಹುಡುಗ ಕ್ರಿಯಾಲೋಪ ಎತ್ತಿದ" ಅಂದಳು. ಯಾವ ವಿಷಯಕ್ಕೆ ಅಂತ ಕೇಳಿದೆ. 147ನೇ ಮತಪತ್ರದಲ್ಲಿ ಗಡಿಯಾರದ ಗುರುತು ಮಸುಕಾಗಿತ್ತಂತೆ. ತಪ್ಪು ನನ್ನದೇ, ಇಂಕು ಕಡಿಮೆ ಬಿಟ್ಟಿದ್ದೆ.

ಮತಪತ್ರ ಬೇಕಾದವರು ಮೇ ತಿಂಗಳ ಕೊನೆಯ ವಾರದೊಳಗೆ ಪಟ್ಟಿ ತಂದುಕೊಡಿ. ಹೆಸರುಗಳು ಕನ್ನಡದಲ್ಲಿರಲಿ, ಮಗು ತಾನೇ ಬರೆದುಕೊಟ್ಟ ಕಾಗುಣಿತದಲ್ಲಿ. ತರಗತಿ, ಗುರುತು, ಒಟ್ಟು ಮತದಾರರ ಸಂಖ್ಯೆ ಬರೆದಿರಲಿ. ಕ್ರಮಸಂಖ್ಯೆ ನಾನು ಹಾಕುತ್ತೇನೆ.